ಚಿಲಕ ಹಾಕಿದ ಗೂಡು

ಮೊದಲ ಕೋಳಿ ಕಾಣೆಯಾದ ದಿನ ಚೌಡೇಶ್ವರಿ ತನ್ನನ್ನೇ ಬೈದುಕೊಂಡಳು. ಹಿಂದಿನ ಸಂಜೆ ಸೀರೆಗೆ ಕುಚ್ಚು ಕಟ್ಟುತ್ತ ಕೂತವಳಿಗೆ ಕತ್ತಲಾದದ್ದೇ ಗೊತ್ತಾಗಿರಲಿಲ್ಲ. ಅವಸರದಲ್ಲಿ ಎಲ್ಲ ಕೋಳಿಗಳನ್ನೂ ಬುಟ್ಟಿಯಡಿ ಕವುಚಿದೆನೋ ಇಲ್ಲವೋ ಎಂಬ ಅನುಮಾನ ಅವಳಿಗೇ ಇತ್ತು.

ಕೊಳ್ಳೇಗಾಲದ ದೇವಾಂಗಪೇಟೆಯ ಆ ಮನೆಗೆ ಹಿತ್ತಿಲು ಅಂತ ಇದ್ದದ್ದು ಒಂದು ನುಗ್ಗೆ ಮರ, ಒಂದು ಬಟ್ಟೆ ಒಗೆಯುವ ಕಲ್ಲು, ಅದರಾಚೆ ಅಂಗೈಯಗಲದ ಜಾಗ. ಹಿಂದಿನ ಓಣಿಗೆ ತೆರೆದುಕೊಳ್ಳುವ ಒಂದು ಪುಟ್ಟ ಬಾಗಿಲು. ಅಷ್ಟರಲ್ಲೇ ಅವಳು ಆರು ನಾಟಿ ಹೇಂಟೆ, ಒಂದು ಹುಂಜ ಸಾಕಿಕೊಂಡಿದ್ದಳು. ಸಂಜೆ ಹಿಡಿದು ಎರಡು ಬಿದಿರಿನ ಮಂಕರಿಗಳನ್ನು ಅವುಗಳ ಮೇಲೆ ಬೋರಲು ಹಾಕಿ, ಒಂದೊಂದು ಕಲ್ಲು ಹೇರಿದರೆ ಆಯಿತು. ಗಂಡ ಸತೀಶ್ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ. ಮಾವ ನಂಜುಂಡಯ್ಯ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವರು. ಕಣ್ಣು ಮಂಜಾದ ಮೇಲೆ ಮಗ್ಗದಿಂದ ಎದ್ದಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಲಾಳಿ ಹಿಡಿಯುವುದನ್ನು ಕಲಿಸಿದವರೂ ಅವರೇ. ಅವಳನ್ನು ಹೆಸರು ಹಿಡಿದು ಕರೆದವರಲ್ಲ, ಯಾವಾಗಲೂ ‘ಕೂಸು’.

ವಾರ ಕಳೆಯುವಷ್ಟರಲ್ಲಿ ಇನ್ನೊಂದು ಹೇಂಟೆ ಹೋಯಿತು. ಈ ಸಲ ಅನುಮಾನಕ್ಕೆ ಎಡೆಯಿರಲಿಲ್ಲ, ಅವಳೇ ಎಣಿಸಿ ಕವುಚಿದ್ದಳು. ಬೆಳಿಗ್ಗೆ ನೋಡಿದರೆ ಮಂಕರಿ ಬೋರಲಾಗಿಯೇ ಇದೆ, ಕಲ್ಲು ಕಲ್ಲಿನ ಜಾಗದಲ್ಲೇ ಇದೆ, ಒಳಗೆ ಕೋಳಿ ಮಾತ್ರ ಒಂದು ಕಮ್ಮಿ. ನೆಲದ ಮೇಲೆ ಒಂದು ಪುಕ್ಕ ಬಿದ್ದಿರಲಿಲ್ಲ, ಒಂದು ಹನಿ ರಕ್ತ ಇರಲಿಲ್ಲ. ಕಾಡುಬೆಕ್ಕು ಇರಬೇಕು ಎಂದ ಸತೀಶ್. ಮಂಕರಿಯ ಅಂಚನ್ನು ಎತ್ತಿ ಎಳೆದುಕೊಂಡು ಹೋಗಿರುತ್ತದೆ, ಇನ್ನು ಮಂಕರಿಯನ್ನು ನಂಬಿ ಕೂರುವಂತಿಲ್ಲ, ಒಂದು ಗೂಡು ಮಾಡಿಸಲೇಬೇಕು ಎಂದೂ ಹೇಳಿದ.

ಯಾವ ಗೂಡು ಎಂಬುದೇ ನಾಲ್ಕು ದಿನದ ಮಾತಾಯಿತು. ಸತೀಶ್ ಮೊಬೈಲಿನಲ್ಲಿ ಒಂದು ತೋರಿಸಿದ. ಕೆಂಪು ಬಣ್ಣದ ಮಾಡು, ಏಣಿ, ಮೇಲೊಂದು ಅಂತಸ್ತು, ಮೊಟ್ಟೆ ತಾನಾಗಿ ಉರುಳಿ ಬರುವ ತಟ್ಟೆ. ಚೌಡೇಶ್ವರಿಗೆ ಅದು ಮಕ್ಕಳ ಆಟದ ಸಾಮಾನಿನ ಹಾಗೆ ಕಂಡಿತು. ಹುಂಜ ಒಮ್ಮೆ ರೆಕ್ಕೆ ಬಡಿದರೆ ಏಣಿ ಕಳಚಿ ಬೀಳುವಂತಿತ್ತು. ವೆಲ್ಡಿಂಗ್ ಅಂಗಡಿಯವನು ನಾಲ್ಕೂ ಕಡೆ ತಗಡು ಹೊಡೆದ ಪೆಟ್ಟಿಗೆ ಮಾಡಿಕೊಡುತ್ತೇನೆಂದ. ಅಂಗಡಿಯಲ್ಲಿದ್ದ ಅಂಥದೇ ಒಂದರೊಳಗೆ ಕೈಯಿಟ್ಟು ನೋಡಿದ ನಂಜುಂಡಯ್ಯ, ಈ ಬಿಸಿಲಿಗೆ ಕೋಳಿ ಒಳಗೇ ಬೆಂದು ಹೋಗುತ್ತವೆ ಎಂದು ಬೇಡವೆಂದರು. ಕೊನೆಗೆ ಮಾವ ಸೊಸೆ ಇಬ್ಬರೂ ಬಡಗಿ ಶಿವಮಲ್ಲಪ್ಪನ ಬಳಿಗೆ ಹೋದರು. ಒಂದು ಕಾಲದಲ್ಲಿ ಪೇಟೆಯ ಮಗ್ಗಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು, ಈಗ ಬಾಗಿಲು ಕಿಟಕಿ ಮಾಡುತ್ತಿದ್ದ. ಹೇಗಿರಬೇಕೆಂದು ಅವಳು ಬಾಯಿ ತೆರೆಯುವ ಮೊದಲೇ ಮಾವ ಹೇಳಿ ಮುಗಿಸಿದ್ದರು. ನೆಲದಿಂದ ಮೊಳ ಎತ್ತರ ಕಾಲು ಇರಲಿ. ತಳಕ್ಕೆ ಸಂದು ಬಿಟ್ಟು ಪಟ್ಟಿ ಹೊಡೆ, ಹಿಕ್ಕೆ ಕೆಳಗೆ ಬೀಳಬೇಕು. ಎರಡು ಕಡೆ ಹಲಗೆ, ಎರಡು ಕಡೆ ಜಾಲರಿ, ಗಾಳಿಯಾಡಲಿ. ಒಳಗೆ ಕೂರುವುದಕ್ಕೆ ಒಂದು ಅಡ್ಡಗೋಲು.

“ಚಿಲ್ಕ ಮಾತ್ರ ಗಟ್ಟಿಯಾಗಿರ್ಲಿ ಕಣಪ್ಪ ಶಿವಮಲ್ಲು,” ಎಂದರು ಮಾವ. “ನಮ್ ಕೂಸು ಕೋಳಿ ಕಳ್ದೋದ್ರೆ ಊಟ ಬುಟ್ಟು ಕೂತ್ಕತದೆ.”

ಅವಳಿಗೆ ನಾಚಿಕೆಯೂ ಆಯಿತು, ಹಿತವೂ ಆಯಿತು.

ಗೂಡು ಬಂತು. ಹೊಸ ಮರದ ವಾಸನೆಗೆ ಮೊದಲೆರಡು ಸಂಜೆ ಕೋಳಿಗಳು ಹತ್ತಿರ ಬರಲಿಲ್ಲ, ಮೂರನೆಯ ಸಂಜೆ ಹುಂಜ ಹತ್ತಿತು, ಹಿಂದೆಯೇ ಹೇಂಟೆಗಳೂ ಹತ್ತಿದವು. ಅವಳು ನೆಮ್ಮದಿಯಾಗಿ ಮಲಗಿದಳು. ಅದೇ ವಾರ ಇನ್ನೊಂದು ಹೇಂಟೆ ಮಾಯವಾಯಿತು.

ಚೌಡೇಶ್ವರಿ ಗೂಡಿನ ಮುಂದೆ ನಿಂತೇ ಇದ್ದಳು. ಜಾಲರಿ ಹರಿದಿಲ್ಲ, ಪಟ್ಟಿ ಮುರಿದಿಲ್ಲ. ಚಿಲಕ ಹಾಕಿಯೇ ಇದೆ. ಶಿವಮಲ್ಲಪ್ಪನನ್ನು ಕರೆಸಿ ಜಗಳವಾಡಿದಳು. ಅವನು ಮಂಡಿಯೂರಿ ಸುತ್ತಲೂ ನೋಡಿ, ಚಿಲಕವನ್ನು ಎರಡು ಸಲ ತೆಗೆದು ಹಾಕಿ, ಎದ್ದು ಕೈ ಒರೆಸಿಕೊಂಡ.

“ಬೆಕ್ಕು ಚಿಲ್ಕ ತಗೀತು ಅಂತ್ಲೇ ಮಡಿಕಳನ ಅಕ್ಕ. ವಾಪಸ್ ಹಾಕ್ಬುಟ್ಟು ಓಗ್ತದಾ?”

ಚೌಡೇಶ್ವರಿ ಚಿಲಕವನ್ನೇ ನೋಡಿದಳು. ಇಷ್ಟು ದಿನ ಬೆಕ್ಕು, ಮುಂಗುಸಿ ಎಂದುಕೊಂಡಿದ್ದ ಜಾಗದಲ್ಲಿ ಈಗ ಒಂದು ಕೈ ಕಾಣಿಸಿತು. ಅವಳ ಹಿತ್ತಿಲಿಗೆ ಬಂದು, ಕೋಳಿ ಹಿಡಿದು, ಮತ್ತೆ ಚಿಲಕ ಹಾಕಿ ಹೋಗುವ ಒಂದು ಮನುಷ್ಯನ ಕೈ.

ಆ ಸಂಜೆ ಚಿಲಕದ ಕಣ್ಣಿಗೆ ಒಂದು ದಾರ ಪೋಣಿಸಿ ಬಿಗಿಯಾಗಿ ಕಟ್ಟಿದಳು. ಕೆಲವು ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಮತ್ತೊಂದು ಹೇಂಟೆ ಇರಲಿಲ್ಲ. ದಾರವಿತ್ತು. ಆದರೆ ಅವಳು ಕಟ್ಟಿದ ಗಂಟಲ್ಲ ಅದು. ಹರಿದ ಎಳೆಗೆ ಎಳೆ ಸೇರಿಸುವಾಗ ನೇಯುವವರು ಹಾಕುತ್ತಾರಲ್ಲ, ಆ ಸಾಸಿವೆಯಷ್ಟು ಸಣ್ಣ ಗಂಟು. ಆ ಬೀದಿಯಲ್ಲಿ ಅದನ್ನು ಹಾಕಲು ಬಾರದವರು ಒಬ್ಬರೂ ಇರಲಿಲ್ಲ. ಅಂದರೆ ಕಳ್ಳರು ಬೀದಿಯವರೇ.

ಅವಳ ಯೋಚನೆ ನೇರವಾಗಿ ಪಕ್ಕದ ಮನೆಗೆ ಹೋಯಿತು. ಶಿವರತ್ನಮ್ಮ ಬೇಲಿಯಾಚೆ ಸೊಪ್ಪಿನ ಮಡಿ ಮಾಡಿದ್ದಳು. ಕೋಳಿಗಳು ಅದನ್ನು ಕೆದಕಿ ಹಾಕಿದಾಗ, ಇನ್ನೊಂದು ಸಲ ಬಂದರೆ ಒಂದೂ ಉಳಿಯುವುದಿಲ್ಲ ಎಂದು ಹೇಳಿದ್ದಳು. ಸಿಟ್ಟಿನಲ್ಲಿ ಎಲ್ಲರೂ ಆಡುವ ಮಾತು. ಆದರೆ ಆ ಬೆಳಿಗ್ಗೆ ಚೌಡೇಶ್ವರಿಗೆ ಅದು ಸಾಕ್ಷಿಯಂತೆ ಕೇಳಿಸಿತು. ನಲ್ಲಿಯ ಹತ್ತಿರ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ ಹೋಗಿ ಕೇಳಿಯೇಬಿಟ್ಟಳು. ಮೊದಲು ಶಿವರತ್ನಮ್ಮನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜಗಳವಾಡಲಿಲ್ಲ. ಅರ್ಧ ತುಂಬಿದ ಕೊಡವನ್ನು ಎತ್ತಿಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನ ಸುದ್ದಿ ತಿಳಿದ ಮಾವ ಬಹಳ ನೊಂದುಕೊಂಡರು. “ನಮ್ ಬೀದೀಲಿ ಕಳ್ರಿಲ್ಲ ಕೂಸು,” ಎಂದರು. “ಎಂಥ ಮಾತಾಡ್ಬುಟ್ಟೆ.” ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು.

ಇದಾಗಿ ಕೆಲವು ದಿನಕ್ಕೆ ಹನೂರಿನಲ್ಲಿ ಚೌಡೇಶ್ವರಿಯ ಚಿಕ್ಕಪ್ಪನ ಮಗಳು ಪ್ರೇಮಾಳ ನಿಶ್ಚಿತಾರ್ಥವಿತ್ತು. ಬೆಳಗಿನ ಪಾಳಿಗೆ ಹೊರಟ ಸತೀಶ್ ಅವಳನ್ನು ಬೈಕಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಹೋದ. ಮಾವ ಆಗಲೇ ವಾಕಿಂಗಿಗೆ ಹೋಗಿಯಾಗಿತ್ತು. ದಿನಾ ನಸುಕಿನಲ್ಲೇ ಹಿಂದಿನ ಓಣಿಯಿಂದ ಹೊರಟು, ದಾರಿಯಲ್ಲಿ ಟೀ ಕುಡಿದು, ಪೇಪರ್ ಓದಿ, ಕೆಲವು ಸಲ ಕೈಚೀಲದಲ್ಲಿ ಬದನೆಕಾಯಿಯೋ ಸೊಪ್ಪೋ ತಂದು, ಬಿಸಿಲೇರುವ ಹೊತ್ತಿಗೆ ಮನೆ ಸೇರುವುದು ಅವರ ರೂಢಿ.

ಅವಳು ಹನೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಯಳಂದೂರಿನ ಬಸ್ಸು ಹೊರಡುವುದಕ್ಕೆ ತಯಾರಾಗಿತ್ತು. ಅದರ ಮುಂಬಾಗಿಲಿನಿಂದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಎದೆಗೆ ಒತ್ತಿ ಹಿಡಿದ ಬಟ್ಟೆ ಚೀಲದೊಂದಿಗೆ ಒಬ್ಬರು ಹತ್ತುತ್ತಿದ್ದರು. ಚೀಲದ ಬಾಯಿಯಿಂದ ಒಂದು ಕಪ್ಪು ತಲೆ ಹೊರಗೆ ಬಂದು ಅತ್ತಿತ್ತ ನೋಡಿತು. ಅದು ಅವಳ ಕರಿ ಹೇಂಟೆ. ಚೀಲ ಹಿಡಿದವರು ಅವಳ ಮಾವ.

ಕೂಗಬೇಕೆಂದುಕೊಂಡಳು, ಕೂಗಲಿಲ್ಲ. ಕಾಲು ತಾನಾಗಿ ನಡೆದು ಹಿಂಬಾಗಿಲಿನಿಂದ ಅವಳನ್ನು ಆ ಬಸ್ಸಿಗೆ ಹತ್ತಿಸಿತು. ಮಾವ ಕೋಳಿ ಮಾರುತ್ತಿದ್ದಾರೆಯೇ? ಅವರಿಗೆ ಏನು ಕಮ್ಮಿಯಾಗಿತ್ತು? ಕೇಳಿದ್ದರೆ ಕೊಡುತ್ತಿರಲಿಲ್ಲವೇ? ನಲ್ಲಿಯ ಹತ್ತಿರ ತಾನು ಆಡಿದ ಮಾತು ನೆನಪಾಗಿ ಮುಖ ಬಿಸಿಯಾಯಿತು. ಎಲ್ಲಿಗೆ ಹೋಗುತ್ತಾರೋ ನೋಡಿಯೇಬಿಡುತ್ತೇನೆ ಎಂದು ಹಿಂದಿನ ಸೀಟಿನಲ್ಲಿ, ಸೆರಗನ್ನು ತಲೆಯ ಮೇಲೆಳೆದುಕೊಂಡು ಕೂತಳು.

ಊರು ದಾಟಿದ ಮೇಲೆ ಕಂಡಕ್ಟರ್ ಮುಂದಿನಿಂದ ಟಿಕೆಟ್ ಕೊಡುತ್ತ ಬಂದ. ಹೇಂಟೆ ಕೊಕ್ಕೊಕ್ ಎಂದಿತು. ಇದಕ್ಕೂ ಟಿಕೆಟ್ ತಗೊಳ್ಳಬೇಕು ಯಜಮಾನರೇ ಎಂದು ಅವನು ತಮಾಷೆ ಮಾಡಿದ. ಮಾವ ನಗಲಿಲ್ಲ.

“ನಮ್ ತಂಗಿ ಬಾಣಂತಿ ಸಾ. ಎಲ್ಡನೇ ಎರ್ಗೆ. ನಾಟಿ ಕೋಳಿ ಒಯ್ತಾವ್ನಿ.”

ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಪ್ಪತ್ತು ದಾಟಿದ ಮುದುಕನ ತಂಗಿ ಬಾಣಂತಿ. ಯಾರೋ ಕಿಸಕ್ಕೆಂದರು. ಚೌಡೇಶ್ವರಿಗೆ ನಗು ಬರಲಿಲ್ಲ. ಮಾವನಿಗೆ ಇದ್ದದ್ದು ಒಬ್ಬಳೇ ತಂಗಿ, ಚಿಕ್ಕತಾಯಮ್ಮ. ನಡುಮನೆಯಲ್ಲಿ ಅವಳ ಫೋಟೊ ಇದೆ. ಚೌಡೇಶ್ವರಿ ಆ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ಅವಳು ಸತ್ತುಹೋಗಿದ್ದಳು. ಕಂಡಕ್ಟರ್ ಹಿಂದೆ ಬಂದು ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡ್ ಕೇಳಿದಾಗ, ಅದನ್ನು ತೋರಿಸಿ ಯಳಂದೂರು ಎಂದಳು.

ಯಳಂದೂರಿನಲ್ಲಿ ಮಾವ ಇಳಿದರು. ದಾರಿ ಕೇಳಲಿಲ್ಲ, ತಡವರಿಸಲಿಲ್ಲ. ಬಳೆ ಮಂಟಪದ ಪಕ್ಕದಿಂದ ಹಾದು, ಎರಡು ತಿರುವು ತಿರುಗಿ, ಹಳೆಯ ಹಂಚಿನ ಮನೆಯೊಂದರ ಮುಂದೆ ನಿಂತು ಬಾಗಿಲು ತಟ್ಟಿದರು.

“ಚಿಕ್ಕತಾಯಿ, ನಾನು ಕಣವ್ವ. ಬಾಗ್ಲು ತಗಿ.”

ಬಾಗಿಲು ತೆರೆದು ಐವತ್ತೈದರ ಆಸುಪಾಸಿನ, ಕನ್ನಡಕ ಹಾಕಿದ ಹೆಂಗಸೊಬ್ಬಳು ಹೊರಗೆ ಬಂದಳು. ಬನ್ನಿ ಅಣ್ಣ ಎಂದು ಕರೆದು, ಚೀಲವನ್ನು ಕೈಗೆ ತೆಗೆದುಕೊಂಡು, ಅವರನ್ನು ಜಗಲಿಯ ಮೇಲೆ ಕೂರಿಸಿದಳು. ಜಗಲಿಯ ಕೆಳಗೆ, ಕಲ್ಲುಕಟ್ಟಡದಲ್ಲೇ ಬಿಟ್ಟ ಒಂದು ಗೂಡಿತ್ತು. ಹಿಂದಿನ ಕಾಲದ ಮನೆಗಳಲ್ಲಿ ಕೋಳಿ ಕೂಡುವುದಕ್ಕೆ ಮಾಡುತ್ತಿದ್ದರಲ್ಲ, ಹಾಗೆ. ಬಾಯಿಗೆ ಅಡ್ಡ ಒರಗಿಸಿದ್ದ ಚಪ್ಪಡಿ ಬದಿಗಿತ್ತು. ಅದರ ಮುಂದೆ ಮಣ್ಣಿನಲ್ಲಿ ಚೌಡೇಶ್ವರಿಯ ಕೆಂಪಿ, ಬೂದಿ, ಚುಕ್ಕೆ, ಬೋಳುಕುತ್ತಿಗೆ, ಕಳೆದುಹೋದ ನಾಲ್ಕೂ ಹೇಂಟೆಗಳು ಕೆದಕುತ್ತಿದ್ದವು.

ಅವಳು ಬೀದಿಯ ನಡುವೆ ನಿಂತುಬಿಟ್ಟಳು. ಆ ಹೆಂಗಸು ತಲೆಯೆತ್ತಿ ನೋಡಿ, ಅವಳ ಮುಖದಲ್ಲಿ ಏನು ಕಂಡಳೋ, ನಿಮ್ಮೋರಾ ಎಂದು ಮೆಲ್ಲಗೆ ಕೇಳಿದಳು. ಚೌಡೇಶ್ವರಿ ತಲೆಯಾಡಿಸಿದಳು. ಮಾವನೂ ಅವಳ ಕಡೆ ತಿರುಗಿದರು. ಇನ್ನೇನು ಮಾವ ಬೆಚ್ಚುತ್ತಾರೆ, ತಪ್ಪಾಯಿತು ಕೂಸು ಎನ್ನುತ್ತಾರೆ ಎಂದು ಅವಳು ಕಾದಳು. ಅವರ ಮುಖದಲ್ಲಿ ಅಂಥದ್ದೇನೂ ಆಗಲಿಲ್ಲ. ದಾರಿಹೋಕರನ್ನು ನೋಡುವ ಹಾಗೆ, ಮರ್ಯಾದೆಯಿಂದ ನೋಡಿದರು.

“ಯಾರೋ ಈಯಮ್ಮ, ಗೊತ್ತಿಲ್ಲ,” ಎಂದರು ಆ ಹೆಂಗಸಿಗೆ. “ಬಿಸ್ಲಲ್ಲಿ ನಿಂತವ್ರೆ ಪಾಪ. ಒಂದ್ ಲೋಟ ನೀರು ಕೊಡು ಚಿಕ್ಕತಾಯಿ.”

ಇಪ್ಪತ್ತು ವರ್ಷ ಅವರ ತಟ್ಟೆಗೆ ಅನ್ನ ಬಡಿಸಿದವಳು ಅವಳು. ಅವರು ಮಗ್ಗದ ಗುಣಿಯಲ್ಲಿ ಕೂತು ಹೇಳಿಕೊಟ್ಟ ಪ್ರತಿಯೊಂದು ಎಳೆಯೂ ಅವಳ ಬೆರಳಿನಲ್ಲಿತ್ತು. ನೀರಿನ ಲೋಟ ಬಂತು. ಚೌಡೇಶ್ವರಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಗುಟುಕು ಕುಡಿದು, ಮೆಟ್ಟಿಲ ಮೇಲೆ ಕೂತಳು.

ಆ ಮನೆಯವಳ ಹೆಸರು ಮಹಾಲಕ್ಷ್ಮಮ್ಮ. ಚಿಕ್ಕತಾಯಮ್ಮ ಬಾಳಿದ ಆ ಮನೆಯನ್ನು ಅವಳ ಗಂಡನ ಕಡೆಯವರು ಮಾರಿ ಎಷ್ಟೋ ಕಾಲವಾಗಿತ್ತು, ಇವರು ಕೊಂಡದ್ದು ಅದಕ್ಕೂ ಈಚೆಗೆ. ನಂಜುಂಡಯ್ಯ ಮಜ್ಜಿಗೆ ಕುಡಿಯುತ್ತ ಕೋಳಿಗಳನ್ನು ನೋಡುತ್ತಿದ್ದಾಗ ಅವಳು ಚೌಡೇಶ್ವರಿಯನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು.

“ಮೊದ್ಲ ದಿನ ಇಲ್ಲಿ ಯಾರೂ ಚಿಕ್ಕತಾಯಿ ಇಲ್ಲ ಕಣಣ್ಣ ಅಂತ ಯೋಳ್ದೆ. ಅಷ್ಟ್ ದೊಡ್ ಆಳು ಬಾಗ್ಲಲ್ಲೇ ಕುಂತ್ಕಂಡು ಅತ್ಬುಟ್ರು, ಮಗಿನಂಗೆ. ಆಮೇಲ್ ನಂಗೆ ಇಲ್ಲ ಅನ್ನಕ್ಕೆ ಬಾಯ್ ಬರ್ನಿಲ್ಲ. ನಿಮ್ಮೂರು ಯಾವ್ದು ಅಂತ ಪ್ರತಿ ಸಲಾನೂ ಕೇಳ್ತೀನಿ. ನಿನ್ ತವರು ನಿಂಗೇ ಮರ್ತೋಯ್ತಾ ಅಂತಾರೆ.”

ಕೋಳಿಗಳನ್ನು ತಾನು ಕೊಯ್ಯಲಿಲ್ಲ, ಯಾರದೋ ಮನೆಯದೆಂದು ಕಾಪಾಡಿಕೊಂಡು ಬಂದೆ, ಮೊಟ್ಟೆ ಮಾತ್ರ ಒಂದೆರಡು ಬಳಸಿದೆ ಎಂದು ಅವಳು ಸಂಕೋಚಪಟ್ಟಳು. ಚೌಡೇಶ್ವರಿ ಅವಳ ಕೈ ಹಿಡಿದುಕೊಂಡಳು.

ಕೋಳಿಗಳನ್ನು ಅಲ್ಲೇ ಬಿಟ್ಟು, ವಾಪಸ್ ಬರುವ ಬಸ್ಸಿನಲ್ಲಿ ಮಾವನ ಪಕ್ಕದಲ್ಲೇ ಕೂತಳು. ಕೊಳ್ಳೇಗಾಲ ಹತ್ತಿರವಾಗುತ್ತಿದ್ದಂತೆ ಅವರು ಕಣ್ಣುಜ್ಜಿಕೊಂಡು ಅವಳ ಕಡೆ ತಿರುಗಿ, ನೀನು ಹನೂರಿಗೆ ಹೋಗಲಿಲ್ಲವಾ ಕೂಸು, ನಿಶ್ಚಿತಾರ್ಥ ಮುಗಿಯಿತಾ ಎಂದು ಕೇಳಿದರು. ಎಂದಿನ ದನಿ, ಎಂದಿನ ಮುಖ. ಅವರು ಗುರುತಿಸದೆ ಇದ್ದಾಗ ತಡೆದುಕೊಂಡಿದ್ದ ಚೌಡೇಶ್ವರಿ, ಗುರುತಿಸಿದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. ಯಾಕೆಂದು ತಿಳಿಯದೆ ಅವರು ಗಾಬರಿಯಾಗಿ ತಮ್ಮ ಟವೆಲ್ಲು ಕೊಟ್ಟರು.

ಸತೀಶ್ ಮೊದಲು ನಂಬಲಿಲ್ಲ. ಅಪ್ಪನ ಎದುರು ಕೂತು ರೇಷ್ಮೆಯ ದರ, ಕಬಿನಿ ನಾಲೆಯ ನೀರು, ತನ್ನ ಪಾಳಿಯ ಸಮಯ ಎಲ್ಲ ಮಾತಾಡಿದ. ಅಪ್ಪ ಒಂದಕ್ಕೂ ತಪ್ಪಿ ಉತ್ತರ ಕೊಡಲಿಲ್ಲ. ನೀನು ಏನೋ ಕಂಡು ಏನೋ ತಿಳಿದುಕೊಂಡಿದ್ದೀ ಎಂದು ಹೆಂಡತಿಯ ಮೇಲೆ ರೇಗಿದ. ಕೊನೆಗೆ, ಚಿಕ್ಕತಾಯಿ ಅತ್ತೆ ಹೇಗಿದ್ದಾಳೆ ಅಪ್ಪ ಎಂದು ಕೇಳಿದ. ಪರವಾಗಿಲ್ಲ ಕಣ್ಲಾ, ಮಗು ಇನ್ನೂ ಸಣ್ಣದು, ಎದೆಹಾಲು ಸಾಲದು ಎಂದರು ನಂಜುಂಡಯ್ಯ. ಸತೀಶ್ ಎದ್ದು ಹಿತ್ತಿಲಿಗೆ ಹೋದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದ. ಅಮ್ಮ ಬದುಕಿದ್ದಾಗ ಹೇಳಿದ್ದನ್ನು ಆಮೇಲೆ ಅವನೇ ಹೇಳಿದ. ಚಿಕ್ಕತಾಯಮ್ಮನಿಗೆ ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಮದುವೆ ಸೀರೆಯೊಂದು ಮಗ್ಗದ ಮೇಲಿತ್ತು, ಅದು ಮುಗಿಯಲಿ ಎಂದು ಅಪ್ಪ ಹೊರಡುವುದನ್ನು ಮುಂದೆ ಹಾಕಿದರು. ಕೋಳಿ ಹಿಡಿದುಕೊಂಡು ಯಳಂದೂರು ತಲುಪಿದಾಗ ಬಾಣಂತಿ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಆ ವಿಷಯವನ್ನು ಅವರು ಮನೆಯಲ್ಲಿ ಒಂದು ದಿನವೂ ಎತ್ತಿರಲಿಲ್ಲ.

ಚೌಡೇಶ್ವರಿ ಮಾರನೆಯ ದಿನ ನಲ್ಲಿಯ ಹತ್ತಿರ, ಅದೇ ಹೆಂಗಸರ ಮುಂದೆ, ಶಿವರತ್ನಮ್ಮನ ಕೈ ಹಿಡಿದು ತಪ್ಪಾಯಿತೆಂದಳು. ಶಿವರತ್ನಮ್ಮ ಕೈ ಬಿಡಿಸಿಕೊಂಡಳು. ವಿಷಯವೆಲ್ಲ ಕೇಳಿದ ಮೇಲೂ ಅವಳು ಚೌಡೇಶ್ವರಿಯೊಂದಿಗೆ ಮತ್ತೆ ಮಾತಾಡುವುದಕ್ಕೆ ತಿಂಗಳೇ ಹಿಡಿಯಿತು. ಆದರೆ ನಂಜುಂಡಯ್ಯ ಓಣಿಗೆ ಇಳಿದದ್ದು ಕಂಡರೆ ಬೇಲಿಯ ಮೇಲಿಂದ ತಟ್ಟೆ ಬಡಿದು ಸೂಚನೆ ಕೊಡುವುದನ್ನು ಆ ವಾರದಿಂದಲೇ ಶುರುಮಾಡಿದಳು.

ಮೈಸೂರಿನ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ, ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರು. ಅಂಗಿಯ ಒಳಜೇಬಿಗೆ ಮನೆಯ ಫೋನ್ ನಂಬರ್ ಹೊಲಿಯಿರಿ ಎಂದರು. ಸತೀಶ್ ಬರುವಾಗ ಗೂಡಿಗೊಂದು ಬೀಗ ತಂದು ಹಾಕಿದ. ಮರುದಿನ ಬೆಳಿಗ್ಗೆ ಚೌಡೇಶ್ವರಿ ಹಿತ್ತಿಲ ಬಾಗಿಲು ತೆರೆದರೆ ಮಾವ ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸಿಕ್ಕುಬಿದ್ದ ನೂಲು ಬಿಡಿಸುವ ತಾಳ್ಮೆಯಿಂದ ಬೀಗದ ಮೇಲೆ ಬೆರಳಾಡಿಸುತ್ತಿದ್ದರು. ಪಕ್ಕದಲ್ಲಿ ಖಾಲಿ ಚೀಲ. ಅವಳನ್ನು ನೋಡಿ, ಹೊತ್ತಾಗೋಯ್ತು ಎಂದರು, ಅಳು ತಡೆದ ದನಿಯಲ್ಲಿ.

ಅವಳು ಒಳಗಿನಿಂದ ಬೀಗದಕೈ ತಂದಳು. ಉಳಿದಿದ್ದ ಒಂದೇ ಹೇಂಟೆಯನ್ನು ಹಿಡಿದು ಚೀಲಕ್ಕೆ ಹಾಕಿದಳು. ಸೀರೆ ಬದಲಿಸಿ ಬಂದು, ನಡೀರಿ ಮಾವ, ನಾನೂ ಬರ್ತೀನಿ ಎಂದಳು. ಬೀಗವನ್ನು ಮತ್ತೆ ಹಾಕಲಿಲ್ಲ. ಬೆಕ್ಕಿಗೆ ಚಿಲಕ ಸಾಕಾಗಿತ್ತು.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಇಬ್ಬರೂ ಯಳಂದೂರಿಗೆ ಹೋಗಿ ಬರುತ್ತಿದ್ದರು. ಕೊಟ್ಟ ಕೋಳಿಯನ್ನು ಮಹಾಲಕ್ಷ್ಮಮ್ಮ ಒಳಗೆ ಒಯ್ದು, ಅವರು ಹೊರಡುವಾಗ ಮೇಲೆ ಸೊಪ್ಪು ಮುಚ್ಚಿ ಅದೇ ಚೀಲದಲ್ಲಿ ಚೌಡೇಶ್ವರಿಗೆ ಕೊಡುತ್ತಿದ್ದಳು. ಕಂಡಕ್ಟರುಗಳಿಗೂ ಆ ಹೇಂಟೆಯ ಗುರುತು ಸಿಕ್ಕಿತ್ತು. ಮಾವ ಆ ದಾರಿಯಲ್ಲಿ ಕೆಲವು ಸಲ ಅವಳನ್ನು ಕೂಸು ಎನ್ನುತ್ತಿದ್ದರು, ಕೆಲವು ಸಲ ಪಕ್ಕದ ಸೀಟಿನ ಅಮ್ಮ ಎನ್ನುತ್ತಿದ್ದರು. ಪ್ರತಿ ಸಲವೂ ಅವಳಿಗೆ ಎದೆಯೊಳಗೆ ಏನೋ ಜಾರಿ ಬಿದ್ದಂತಾಗುತ್ತಿತ್ತು. ಅದು ರೂಢಿಯಾಗಲೇ ಇಲ್ಲ.

ಮಳೆಗಾಲದ ಹೊತ್ತಿಗೆ ಅವರು ಯಳಂದೂರಿನ ಹೆಸರೆತ್ತುವುದನ್ನು ನಿಲ್ಲಿಸಿದರು. ಎರಡು ವಾರ ಕಾದು ಮಹಾಲಕ್ಷ್ಮಮ್ಮ ತಾನೇ ಬಂದಳು, ತಂತಿಯ ಬುಟ್ಟಿಯಲ್ಲಿ ಕೋಳಿಗಳನ್ನೆಲ್ಲ ಹೊತ್ತುಕೊಂಡು. ನಂಜುಂಡಯ್ಯ ಪಡಸಾಲೆಯಲ್ಲಿ ಕೂತಿದ್ದರು. ಅಣ್ಣ ಎಂದು ಕರೆದಳು. ಅವರು ಕೈಮುಗಿದು, ಸೀರೆ ನೋಡಲು ಬಂದಿರಾ, ಒಳಗೆ ಕೂತ್ಕಳಿ ಎಂದರು. ಮಹಾಲಕ್ಷ್ಮಮ್ಮ ನಗುವುದಕ್ಕೆ ನೋಡಿದಳು, ಆಗಲಿಲ್ಲ. ಒಳಗೆ ಬಂದು ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ತನಗೆ ಒಡಹುಟ್ಟಿದ ಅಣ್ಣತಮ್ಮಂದಿರು ಯಾರೂ ಇರಲಿಲ್ಲ ಎಂದು ಆವತ್ತು ಮೊದಲ ಸಲ ಹೇಳಿದಳು.

ಚೌಡೇಶ್ವರಿ ಅವಳಿಗೆ ಊಟ ಹಾಕಿ, ಒಂದು ರವಿಕೆ ಬಟ್ಟೆಯಿಟ್ಟು ಮಡಿಲು ತುಂಬಿ, ಮೊಟ್ಟೆಗಾಗುತ್ತದೆ ಇಟ್ಟುಕೊಳ್ಳಿ ಎಂದು ಕರಿ ಹೇಂಟೆಯನ್ನು ಬುಟ್ಟಿಯಲ್ಲೇ ಬಿಟ್ಟು ಕಳಿಸಿಕೊಟ್ಟಳು. ವಾಪಸ್ ಬಂದವುಗಳಲ್ಲಿ ಎರಡಕ್ಕೆ ಗೂಡೇ ಹೊಸದು, ಇನ್ನೆರಡು ಅದನ್ನು ಮರೆತಿದ್ದವು. ಸಂಜೆ ಹುಂಜ ಒಂದೊಂದನ್ನೇ ಕುಕ್ಕಿ ಕುಕ್ಕಿ ಹತ್ತಿಸುತ್ತಿದ್ದರೆ, ನಂಜುಂಡಯ್ಯ ಒಗೆಯುವ ಕಲ್ಲಿನ ಮೇಲೆ ಕೂತು ನೋಡಿದರು. ಒಳ್ಳೆ ಗೂಡು, ಯಾರು ಮಾಡಿಸಿದ್ದು ಎಂದು ಕೇಳಿದರು. ನೀವೇ ಮಾವ ಎಂದಳು ಅವಳು, ಚಿಲಕ ಹಾಕುತ್ತ.